ಸಂಜೆ ಆರರ ನಂತರ ನೀರಿಲ್ಲ: ಕಲಬುರಗಿಯ ಒಂದು ಹಿರಿಯರ ಆರೈಕೆ ಮನೆಯಲ್ಲಿ ನಮ್ಮ ತಾಯಿ ಕಳೆದ ಹನ್ನೊಂದು ವಾರ

ಕಳೆದ ವರ್ಷ ಮಾರ್ಚ್ ಎರಡನೇ ವಾರದಿಂದ ಮೇ ಕೊನೆಯವರೆಗೆ ನಮ್ಮ ತಾಯಿಯವರು ಕಲಬುರಗಿ ನಗರದ ಹೊರವಲಯದಲ್ಲಿರುವ ಒಂದು ಖಾಸಗಿ ಆರೈಕೆ ಮನೆಯಲ್ಲಿದ್ದರು. ಅವರಿಗೆ 79 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಎಡಮೊಣಕಾಲು ಸರಿಯಾಗಿ ಮಡಚುವುದಿಲ್ಲವಾದರೂ ಕೋಲು ಹಿಡಿದು ಬಚ್ಚಲಿನವರೆಗೆ ತಾವೇ ನಡೆದು ಹೋಗುತ್ತಿದ್ದರು. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ, ತಂಗಿ ಸೊಲ್ಲಾಪುರದಲ್ಲಿದ್ದಾಳೆ. ಶರಣಬಸವೇಶ್ವರರ ಗುಡಿ ಇರುವ ಊರು ಬಿಟ್ಟು ಬರುವುದಿಲ್ಲ ಎಂದು ಅವ್ವ ಹಟ ಹಿಡಿದಾಗ, ಮನೆಯಲ್ಲಿ ಒಬ್ಬರೇ ಇರುವುದಕ್ಕಿಂತ ಇದು ಮೇಲೆಂದು ನಾವಿಬ್ಬರೂ ಒಪ್ಪಿ ಸೇರಿಸಿದೆವು. ದೂರು ಗ್ರಾಹಕರ ಆಯೋಗದ ಮುಂದೆ ಇರುವುದರಿಂದ ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಎಲ್ಲಿ ಎಡವಿದೆವು ಎಂಬುದನ್ನು ತಿಳಿದರೆ ಓದುವವರಿಗೆ ಹೆಸರಿಗಿಂತ ಹೆಚ್ಚು ಉಪಯೋಗವಾದೀತು.

ನಾವು ನೋಡಲು ಹೋದದ್ದು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಅದೂ ಮೊದಲೇ ಫೋನ್ ಮಾಡಿ. ಹೊಳೆಯುವ ಟೈಲ್ಸ್, ಊದುಬತ್ತಿಯ ವಾಸನೆ, ಅಂಗಳದಲ್ಲಿ ತುಳಸಿಕಟ್ಟೆ, ಟಿವಿ ಮುಂದೆ ಸಾಲಾಗಿ ಕೂತಿದ್ದ ಹತ್ತು ಹನ್ನೆರಡು ಹಿರಿಯರು, ಇವು ನಮ್ಮ ಕಣ್ಣಿಗೆ ಬಿದ್ದವು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತೀರಾ ಎಂದು ತಂಗಿ ಕೇಳಿದಳು, ಕೊಡುತ್ತೇವೆ ಎಂದರು. (ಅದನ್ನು ನಿಜವಾಗಿಯೂ ಕೊಟ್ಟರು, ಊಟದ ಬಗ್ಗೆ ನನ್ನ ತಕರಾರಿಲ್ಲ.) ಕಚೇರಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ನೋಂದಣಿ ಪ್ರಮಾಣಪತ್ರವಿತ್ತು. ಸರ್ಕಾರದ ಮೊಹರು ಕಂಡು ನಮಗೆ ಧೈರ್ಯ ಬಂತು.

ಆ ಪ್ರಮಾಣಪತ್ರವನ್ನು ಅಂದೇ ಓದಿದ್ದರೆ ಚೆನ್ನಾಗಿತ್ತು. ಅದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಒಂದು ಸಂಘವನ್ನು ನೋಂದಾಯಿಸಿದ ಪತ್ರ. ಯುವಕ ಮಂಡಳಿಗೂ ಭಜನಾ ಸಂಘಕ್ಕೂ ಸಿಗುವಂಥದು. ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತಾರೆ, ಎಷ್ಟು ಜನ ಸಿಬ್ಬಂದಿ ಇದ್ದಾರೆ ಎಂಬುದನ್ನು ಯಾರೋ ಬಂದು ಪರಿಶೀಲಿಸಿ ಕೊಟ್ಟ ಪತ್ರ ಅದಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ 19ನೇ ಪ್ರಕರಣವು ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದು, 150 ಜನ ಇರಬಹುದಾದ ವೃದ್ಧಾಶ್ರಮದ ಮಾತನ್ನು ಹೇಳುತ್ತದೆ. ತಿಂಗಳಿಗೆ ಹಣ ಪಡೆದು ನಡೆಸುವ ಮನೆಗಳನ್ನೂ ಒಳಗೊಂಡಂತೆ ಆರೈಕೆ ಮನೆಗಳಿಗೆ ನೋಂದಣಿ ಮತ್ತು ಕನಿಷ್ಠ ಮಾನದಂಡ ತರಬೇಕೆಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಮಂಡನೆಯಾಯಿತು. ಅದು ಕಾನೂನಾಗದೆ ಬಿದ್ದುಹೋಯಿತು. ಆದ್ದರಿಂದ ಗೋಡೆಯ ಮೇಲೆ ಏನೇ ತೂಗುಹಾಕಿರಲಿ, ಯಾವ ಕಾಯ್ದೆಯಡಿ ಯಾವುದಕ್ಕೆ ಕೊಟ್ಟದ್ದು ಎಂದು ಹತ್ತಿರ ಹೋಗಿ ಓದಿರಿ.

ಮುಂಗಡ ಠೇವಣಿ 60,000 ರೂಪಾಯಿ, ತಿಂಗಳಿಗೆ 17,000. ಕೊಟ್ಟೆವು.

ಮೊದಲ ತಿಂಗಳು ತಕರಾರಿಗೆ ಕಾರಣವೇ ಕಾಣಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರೇ ವಿಡಿಯೋ ಕರೆ ಮಾಡಿಸುತ್ತಿದ್ದರು. ತಲೆ ಬಾಚಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಸೀರೆಯಲ್ಲಿ ಅವ್ವ ಕಾಣುತ್ತಿದ್ದರು. ಏಪ್ರಿಲ್ ಕೊನೆಯ ಹೊತ್ತಿಗೆ ಅವರ ಮಾತು ನಿಧಾನವಾಯಿತು. ನನ್ನನ್ನು ತೀರಿಕೊಂಡ ನಮ್ಮ ಮಾವನ ಹೆಸರಿನಿಂದ ಕರೆದರು. ವ್ಯವಸ್ಥಾಪಕರನ್ನು ಕೇಳಿದರೆ, ‘ವಯಸ್ಸಾತಲ್ರಿ ಸರ, ಅರಳು ಮರಳು’ ಎಂದರು. ನಾನು ನಂಬಿದೆ. ಎಂಬತ್ತರ ಹತ್ತಿರದ ಜೀವಕ್ಕೆ ದಿಢೀರನೆ ಬರುವ ಗೊಂದಲವು ಬಹಳ ಸಲ ನೀರಿನ ಕೊರತೆಯಿಂದ, ಮೂತ್ರದ ಸೋಂಕಿನಿಂದ ಅಥವಾ ಸಕ್ಕರೆ ಇಳಿದದ್ದರಿಂದ ಬರುತ್ತದೆ, ಮರೆವಿನ ಕಾಯಿಲೆ ಹಾಗೆ ಎರಡು ವಾರದಲ್ಲಿ ಬಂದೆರಗುವುದಿಲ್ಲ ಎಂದು ವೈದ್ಯರು ಹೇಳಿದ್ದು ಆಮೇಲೆ.

ಮೇ 28ರಂದು ಅಫಜಲಪುರದಲ್ಲಿ ಸಂಬಂಧಿಕರ ಮದುವೆಯಿತ್ತು. ಅದನ್ನು ಮುಗಿಸಿ ಬರುತ್ತ, ಯಾರಿಗೂ ತಿಳಿಸದೆ, ರಾತ್ರಿ ಒಂಬತ್ತೂವರೆಗೆ ಆ ಮನೆಯ ಬಾಗಿಲಿಗೆ ಹೋದೆ. ಗೇಟಿಗೆ ಬೀಗವಿತ್ತು. ಗಂಟೆ ಒತ್ತಿ, ಕೂಗಿ, ಫೋನ್ ಮಾಡಿ ಇಪ್ಪತ್ತು ನಿಮಿಷವಾದ ಮೇಲೆ ಒಬ್ಬ ಹೆಣ್ಣುಮಗಳು ಕೀಲಿಕೈ ಹಿಡಿದು ಓಡಿಬಂದರು. ಅವ್ವನ ಕೋಣೆ ಮೇಲಂತಸ್ತಿನಲ್ಲಿತ್ತು. ಸೇರಿಸುವಾಗ ನಮಗೆ ತೋರಿಸಿದ್ದು ಕೆಳಗಿನ ಕೋಣೆ. ಬದಲಿಸಿದ್ದನ್ನು ಯಾರೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ, ಹಗಲಿಡೀ ಕಾದ ಸ್ಲ್ಯಾಬು ನಡುರಾತ್ರಿಯವರೆಗೂ ಶಾಖವನ್ನು ಕೆಳಗೆ ಇಳಿಸುತ್ತಲೇ ಇರುತ್ತದೆ ಎಂಬುದು ಇಲ್ಲಿ ಬೇಸಿಗೆ ಕಳೆದ ಎಲ್ಲರಿಗೂ ಗೊತ್ತು.

ಅವ್ವನ ತುಟಿ ಸಿಪ್ಪೆ ಎದ್ದಿದ್ದವು, ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ನೀರಿನ ಜಗ್ಗು ಕೋಣೆಯಲ್ಲೇ ಇತ್ತು, ಆದರೆ ಗೋದ್ರೇಜ್ ಅಲ್ಮಾರಿಯ ಮೇಲೆ. ಐದೂವರೆ ಅಡಿಯ ನಾನೇ ಕೈ ಎತ್ತಿ ತೆಗೆದುಕೊಳ್ಳಬೇಕಾಯಿತು. ಒಂದು ಲೋಟ ಕುಡಿದು, ಇನ್ನೊಂದು ಕೇಳಿ, ಅದನ್ನೂ ಕುಡಿದ ಮೇಲೆ ಅವ್ವ ಹೇಳಿದರು: ‘ಸಂಜಿ ಆರರ ಮ್ಯಾಲ ನೀರ್ ಕೊಡಂಗಿಲ್ಲ ತಮ್ಮಾ, ಹಾಸಿಗಿ ತೊಯ್ಸತಾರಂತ.’

ಕೋಲು ಎಲ್ಲಿ ಎಂದು ಕೇಳಿದೆ. ಬಿದ್ದುಬಿಟ್ಟರೆ ಎಂಬ ಭಯಕ್ಕೆ ಎರಡು ವಾರದ ಹಿಂದೆಯೇ ಅದನ್ನು ತೆಗೆದುಕೊಂಡು ಕೆಳಗಿಟ್ಟಿದ್ದರು. ಅಂದರೆ ನಡೆಯಬಲ್ಲ ಹೆಂಗಸನ್ನು ಮಂಚಕ್ಕೆ ಸೀಮಿತ ಮಾಡಿ, ಡೈಪರ್ ಹಾಕಿ, ಅದು ಬೇಗ ತುಂಬಬಾರದೆಂದು ನೀರನ್ನು ನಿಲ್ಲಿಸಿದ್ದರು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. ಅವ್ವನಿಗೆ ರಕ್ತದೊತ್ತಡಕ್ಕೆಂದು ಕೊಡುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಬೇರೆ ಇದೆ. ಅಂಥವರಿಗೆ ಮೇ ತಿಂಗಳ ಕಲಬುರಗಿಯಲ್ಲಿ ಹನ್ನೆರಡು ಗಂಟೆ ನೀರು ಕೊಡದಿರುವುದೆಂದರೆ ಏನೆಂದು ಯೋಚಿಸಿ.

ಬಾಗಿಲು ತೆರೆದ ಹೆಣ್ಣುಮಗಳ ಮೇಲೆ ನಾನು ಕೂಗಾಡಿದೆ. ಆ ಬಗ್ಗೆ ಈಗ ನನಗೆ ನಾಚಿಕೆಯಿದೆ. ಅವರು ಹೇಳಿದ್ದಿಷ್ಟು: ‘ನಾ ಏನ್ ಮಾಡ್ಲಿರಿ ಸರ? ರಾತ್ರಿ ನಾ ಒಬ್ಬಾಕಿನೇ ಇರ್ತೀನಿ. ಇಪ್ಪತ್ತೆರಡ ಮಂದಿಗಿ ಎಷ್ಟ್ ಸರ್ತಿ ಬಟ್ಟಿ ಬದಲ ಮಾಡ್ಲಿ?’ ಎರಡು ಅಂತಸ್ತು, ಇಪ್ಪತ್ತೆರಡು ಜನ, ಒಬ್ಬರೇ ಆಯಾ. ಅದರಲ್ಲಿ ಆರು ಜನ ಹಾಸಿಗೆ ಹಿಡಿದವರು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಆರು ಜನರಿಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಎರಡು ಗಂಟೆಗೊಮ್ಮೆ ಎಂದರೆ ಮೂವತ್ತು ಸಲ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು, ಆಗುತ್ತಲೂ ಇರಲಿಲ್ಲ. ಹಗಲು ನಾವು ಹೋದಾಗ ಏಳು ಜನ ಸಿಬ್ಬಂದಿಯನ್ನು ಎಣಿಸಿದ್ದೆವು. ರಾತ್ರಿ ಎಷ್ಟು ಜನ ಇರುತ್ತಾರೆ ಎಂಬ ಒಂದು ಪ್ರಶ್ನೆಯನ್ನು ನಾನಾಗಲಿ ತಂಗಿಯಾಗಲಿ ಕೇಳಲೇ ಇಲ್ಲ.

ಆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಸೇರಿಸಿದೆವು. ದೇಹದಲ್ಲಿ ನೀರು ಬತ್ತಿತ್ತು, ಮೂತ್ರದ ಸೋಂಕಿತ್ತು, ಬೆನ್ನಿನ ಕೊನೆಯಲ್ಲಿ ಎಂಟಾಣೆ ನಾಣ್ಯದಷ್ಟು ಚರ್ಮ ಸುಲಿದಿತ್ತು. ತೂಕ 46 ಕಿಲೋ. ಮಾರ್ಚ್‌ನಲ್ಲಿ ಸೇರಿಸುವಾಗ 52 ಇತ್ತು. ತಿಂಗಳಲ್ಲಿ ನೂರಕ್ಕೆ ಐದರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ತಾನಾಗಿಯೇ ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅವ್ವನದು ಹನ್ನೊಂದು ವಾರದಲ್ಲಿ ಹತ್ತನ್ನೂ ದಾಟಿತ್ತು. ಆ ಮನೆಯಲ್ಲಿ ತೂಕದ ಯಂತ್ರವಿತ್ತು, ಆದರೆ ಸೇರಿದ ದಿನ ಬಿಟ್ಟರೆ ತೂಕ ಬರೆದ ಪುಸ್ತಕವೇ ಇರಲಿಲ್ಲ. ಮೂರು ದಿನ ಸಲೈನ್ ಮತ್ತು ಸೋಂಕಿನ ಔಷಧಿ ಹೋದ ಮೇಲೆ ಅವ್ವ ನನ್ನನ್ನು ನನ್ನ ಹೆಸರಿನಿಂದಲೇ ಕರೆದರು.

ಮರುದಿನ, ಅಂದರೆ 29ರಂದು, ಬಟ್ಟೆಬರೆ ತರಲು ಹೋದಾಗ ಕಂಡದ್ದನ್ನು ವಿವರವಾಗಿ ಹೇಳಬೇಕು. ಅವ್ವನ ಮಂಚದ ತುದಿಗೆ ಔಷಧಿ ಕೊಟ್ಟ ಲೆಕ್ಕದ ಹಾಳೆ ತೂಗುಹಾಕಿದ್ದರು: ತಾರೀಖಿನ ಎದುರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ, ಕೊಟ್ಟ ಮೇಲೆ ಅದರಲ್ಲಿ ಟಿಕ್ ಹಾಕಬೇಕು. ಇಡೀ ತಿಂಗಳ ಟಿಕ್‌ಗಳು ಒಂದೇ ನೀಲಿ ಪೆನ್ನಿನವು, ಒಂದೇ ಓರೆಯವು. 29ರ ಎದುರಿಗೂ ಮೂರು ಟಿಕ್ ಬಿದ್ದಿದ್ದವು. ಆಗ ಬೆಳಿಗ್ಗೆ 11.40, ರಾತ್ರಿಯ ಮಾತ್ರೆಗೆ ಇನ್ನೂ ಒಂಬತ್ತು ಗಂಟೆ ಇತ್ತು, ಮಾತ್ರೆ ನುಂಗಬೇಕಾದವರು ಹಿಂದಿನ ರಾತ್ರಿಯಿಂದ ಆಸ್ಪತ್ರೆಯಲ್ಲಿದ್ದರು. ನಾನು ಅದರ ಚಿತ್ರ ತೆಗೆದುಕೊಂಡೆ. ಆಮೇಲೆ ಡಬ್ಬಿ ಬಿಚ್ಚಿ ಮಾತ್ರೆ ಎಣಿಸಿದೆ. ದಿನಕ್ಕೊಂದರಂತೆ ಒಂದನೇ ತಾರೀಖಿಗೆ ಮೂವತ್ತೊಂದು ಮಾತ್ರೆ ಕೊಡಿಸಿದ್ದೆವು. ಮೂರೋ ನಾಲ್ಕೋ ಉಳಿಯಬೇಕಾದಲ್ಲಿ ಹನ್ನೆರಡು ಉಳಿದಿದ್ದವು. ನಿಮ್ಮವರು ಈಗಾಗಲೇ ಇಂಥ ಮನೆಯಲ್ಲಿದ್ದರೆ ಹಾಳೆಯನ್ನು ನೋಡುವುದರ ಜೊತೆಗೆ ಮಾತ್ರೆಗಳನ್ನೂ ಎಣಿಸಿರಿ. ಬರೆದದ್ದನ್ನು ತಿದ್ದಬಹುದು, ಉಳಿದ ಮಾತ್ರೆಯನ್ನು ಯಾರೂ ತಿದ್ದಲು ಹೋಗುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಫ್ರಿಜ್ ತೆರೆಸಿ ನೋಡಿರಿ. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಬಿಸಾಡಬೇಕು. ಅಲ್ಲಿ ಪಕ್ಕದ ಕೋಣೆಯ ಅಜ್ಜನೊಬ್ಬರ ಇನ್ಸುಲಿನ್ ಬಾಟಲಿ ಮೇಲಿನ ಬರ್ಫದ ಖಾನೆಯಲ್ಲಿ ಕೂತಿತ್ತು. ಅವರ ಮಗನಿಗೆ ಹುಡುಕಿ ತಿಳಿಸಿದೆ.

ಈಗ ಯಾರಾದರೂ ನನ್ನನ್ನು ಕೇಳಿದರೆ, ಹಗಲು ಹೋಗುವ ಮೊದಲು ರಾತ್ರಿ ಎಂಟರ ಮೇಲೆ ಒಮ್ಮೆ ಹೋಗಿ ಬನ್ನಿ ಎನ್ನುತ್ತೇನೆ. ಒಳಗೆ ಬಿಡದಿದ್ದರೆ ಅದೇ ಒಂದು ಉತ್ತರ. ಬಿಟ್ಟರೆ ಪ್ರತಿ ಮಂಚದ ಪಕ್ಕ ಕೈಗೆಟುಕುವಂತೆ ನೀರಿದೆಯೇ, ಕೋಲು ಮತ್ತು ವಾಕರ್ ಮಂಚದ ಹತ್ತಿರವೇ ಇವೆಯೇ ಎಂದು ನೋಡಿ. ಕರೆಗಂಟೆಯನ್ನು ನೀವೇ ಒತ್ತಿ, ಯಾರಾದರೂ ಬರುವವರೆಗೆ ಗಡಿಯಾರ ನೋಡುತ್ತ ನಿಲ್ಲಿ. ಹಾಸಿಗೆ ಹಿಡಿದವರು ಎಷ್ಟು, ರಾತ್ರಿ ಪಾಳಿಯವರು ಎಷ್ಟು, ಪಾಳಿಯವರು ರಜೆ ಹಾಕಿದರೆ ಬದಲಿ ಯಾರು ಎಂಬ ಮೂರನ್ನೂ ಬಾಯಲ್ಲಿ ಕೇಳಿ ಬಿಡಬೇಡಿ, ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಬಚ್ಚಲಲ್ಲಿ ಹಿಡಿಕೆಯಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಆ ಹಿಡಿಕೆಯನ್ನು ಜಗ್ಗಿ ನೋಡುವವರು ಕಡಿಮೆ. ಕೋಣೆ ಬದಲಿಸುವ ಮೊದಲು ತಿಳಿಸಬೇಕು, ಯಾವ ಹೊತ್ತಿನಲ್ಲಾದರೂ ಭೇಟಿಗೆ ಬಿಡಬೇಕು ಎಂಬುದೂ ಪತ್ರದಲ್ಲಿರಲಿ. ನಮ್ಮ ಪತ್ರದಲ್ಲಿ ಭೇಟಿಯ ಸಮಯ ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಂದು ಅಚ್ಚಾಗಿತ್ತು, ನಾವು ಅದರ ಕೆಳಗೆ ಸಹಿ ಹಾಕಿದ್ದೆವು.

ದೂರಿನ ದಾರಿ ಹುಡುಕುವಾಗ ನಾನೂ ಮೊದಲು ತಪ್ಪು ಬಾಗಿಲು ಬಡಿದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಮಕ್ಕಳಿಂದ, ಸಂಬಂಧಿಕರಿಂದ ಹಿರಿಯರಿಗೆ ಪೋಷಣೆ ಕೊಡಿಸುವುದಕ್ಕೆ ಇರುವಂಥದು. ಹಣ ಪಡೆದ ಸಂಸ್ಥೆಯ ಸೇವಾಲೋಪಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹಿರಿಯರಿಗೆ ತಕ್ಷಣದ ನೆರವು ಬೇಕಾದರೆ ಹಿರಿಯ ನಾಗರಿಕರ ಸಹಾಯವಾಣಿ 14567.

ಅವ್ವ ಈಗ ತಂಗಿಯ ಮನೆಯಲ್ಲಿದ್ದಾರೆ, ಸೊಲ್ಲಾಪುರದಲ್ಲಿ. ಅವರ ಹಟ ನಡೆಯಲಿಲ್ಲ, ಅದಕ್ಕೆ ಸಿಟ್ಟೂ ಇದೆ. ಹುಣ್ಣು ಮಾಯಲು ಏಳು ವಾರ ಹಿಡಿಯಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ತಾಮ್ರದ ತಂಬಿಗೆ ಇರುತ್ತದೆ, ರಾತ್ರಿ ಎರಡು ಸಲ ಎಬ್ಬಿಸುತ್ತಾರೆಂದು ತಂಗಿ ಗೊಣಗುತ್ತಾಳೆ, ಎದ್ದು ಹೋಗುತ್ತಾಳೆ.

ಆ ಮನೆಯವರು ಜುಲೈನಲ್ಲಿ ಠೇವಣಿಯ ಲೆಕ್ಕ ಕಳಿಸಿದರು. ಒಂದು ತಿಂಗಳು ಮೊದಲೇ ತಿಳಿಸದೆ ಬಿಟ್ಟದ್ದಕ್ಕೆ 17,000 ರೂಪಾಯಿ ಮುರಿದುಕೊಂಡಿದ್ದರು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಹಾಸಿಗೆ ತೊಯ್ದು ಹಾಳಾದದ್ದಕ್ಕೆ 4,500.