ಸೂಪರ್ ಸ್ವಿಚ್: ಸ್ಪ್ಲಿಟ್‌ಗೋಸ್ಕರ ಬೇಡ, ನಾಲ್ಕನೇ ಪೋಲ್‌ಗೋಸ್ಕರ ತಗೊಳ್ಳಿ

ಬ್ರಿಡ್ಜ್‌ನಲ್ಲಿ ಹಂಬಕರ್ (ಎರಡು ಕಾಯಿಲ್ ಸೇರಿದ ಪಿಕಪ್), ಮಧ್ಯಕ್ಕೂ ನೆಕ್‌ಗೂ ಸಿಂಗಲ್ ಕಾಯಿಲ್. ಇಂಥ ಹೆಚ್‌ಎಸ್‌ಎಸ್ ಎಲೆಕ್ಟ್ರಿಕ್ ಗಿಟಾರಿನ ವೈರಿಂಗ್ ಬದಲಿಸಲು ಹೊರಟವರಿಗೆಲ್ಲ ಸಿಗುವ ಮೊದಲ ಸಲಹೆ ‘ಸೂಪರ್ ಸ್ವಿಚ್ ಹಾಕಿಸಿ’ ಎಂಬುದು. ಓಕ್ ಗ್ರಿಗ್ಸ್‌ಬಿ ಕಂಪನಿಯ 4 ಪೋಲ್ (ಒಂದೇ ಲಿವರಿನಲ್ಲಿ ಸರಿಯುವ ನಾಲ್ಕು ಬೇರೆ ಸ್ವಿಚ್ಚುಗಳಿದ್ದಂತೆ), 5 ಪೊಸಿಷನ್ ಸ್ವಿಚ್ಚಿಗೆ ಆ ಹೆಸರು. ಮಾಲು ಗಟ್ಟಿಯಾಗಿದೆ, ಪ್ರತಿ ಪೊಸಿಷನ್ನಿಗೂ ‘ಟಕ್’ ಎಂದು ಕೂರುತ್ತದೆ. ಆದರೆ ಹಾಕಿಸಿಕೊಳ್ಳುವ ಅನೇಕರಿಗೆ ಅದರ ಅಗತ್ಯವೇ ಇರುವುದಿಲ್ಲ. ಅಗತ್ಯ ಇರುವವರಲ್ಲೂ ಕೆಲವರು ಒಂದು ಪೋಲನ್ನು ಖಾಲಿ ಬಿಟ್ಟು ಮುಚ್ಚಿಬಿಡುತ್ತಾರೆ.

ಸ್ಟ್ರ್ಯಾಟೊಕ್ಯಾಸ್ಟರಿನ ಮಾಮೂಲಿ ಸ್ವಿಚ್ಚಿನಲ್ಲಿ 8 ಲಗ್ (ವೈರ್ ಬೆಸೆಯುವ ಕಾಲು). ಎರಡು ಪೋಲ್, ಒಂದೊಂದರಲ್ಲೂ ಒಂದು ಕಾಮನ್ ಮತ್ತು ಮೂರು ಕಾಂಟ್ಯಾಕ್ಟ್. 1 ಬ್ರಿಡ್ಜ್, 3 ಮಧ್ಯ, 5 ನೆಕ್. ನಡುವಿನ 2 ಮತ್ತು 4ನೇ ಪೊಸಿಷನ್‌ಗಳಿಗೆ ಅಲ್ಲಿ ಸ್ವಂತ ಕಾಂಟ್ಯಾಕ್ಟ್ ಇಲ್ಲ. ಅಕ್ಕಪಕ್ಕದ ಎರಡನ್ನೂ ಒಟ್ಟಿಗೆ ಮುಟ್ಟಿಸಿದರೆ ಅದೇ 2, ಅದೇ 4. ಸೂಪರ್ ಸ್ವಿಚ್ಚಿನಲ್ಲಿ ಎರಡು ಬಿಲ್ಲೆ, 24 ಲಗ್. ಐದೂ ಪೊಸಿಷನ್‌ಗಳಿಗೆ ಬೇರೆ ಬೇರೆ ಕಾಂಟ್ಯಾಕ್ಟ್, ಅಂಥ ನಾಲ್ಕು ಪೋಲ್.

2ನೇ ಪೊಸಿಷನ್ನಿನಲ್ಲಿ ಹಂಬಕರ್ ತಾನಾಗಿ ಸ್ಪ್ಲಿಟ್ ಆದರೆ, ಅಂದರೆ ಅದರ ಒಂದೇ ಕಾಯಿಲ್ ಉಳಿದರೆ ಸಾಕು ಎನ್ನುವವರು ಇದಕ್ಕೆ ದುಡ್ಡು ಹಾಕಬೇಡಿ. ಹಳೇ ಸ್ವಿಚ್ಚೇ ಆ ಕೆಲಸ ಮಾಡುತ್ತದೆ. ಎರಡನೇ ಪೋಲಿಗೆ ಕಟ್ಟಿರುವ ಟೋನ್ ವೈರುಗಳನ್ನು ಬಿಚ್ಚಿ, ಅದರ ಕಾಮನ್ ಲಗ್ಗನ್ನು ಗ್ರೌಂಡಿಗೆ ಕೊಡಿ. ಮಧ್ಯದ ಲಗ್ಗಿಗೆ ಹಂಬಕರಿನ ಎರಡು ಕಾಯಿಲ್ ಸೇರುವ ವೈರುಜೋಡಿಯನ್ನು ಕೊಡಿ. 3 ಮತ್ತು 4ರಲ್ಲೂ ಸ್ಪ್ಲಿಟ್ ಆಗುತ್ತದಾದರೂ ಅಲ್ಲಿ ಬ್ರಿಡ್ಜ್ ಪಿಕಪ್ ಕೇಳಿಸುವುದೇ ಇಲ್ಲ, ಆದ್ದರಿಂದ ತೊಂದರೆಯಿಲ್ಲ. ಎರಡು ಟೋನ್ ನಾಬ್ ಬದಲು ಒಂದೇ ಮಾಸ್ಟರ್ ಟೋನ್ ಉಳಿಯುತ್ತದೆ, ಕಳೆದುಕೊಳ್ಳುವುದು ಅಷ್ಟೆ. ಯಮಹಾ ಪೆಸಿಫಿಕಾ 112ವಿ ಇರುವವರಿಗೆ ಇಷ್ಟೂ ಬೇಡ, ಟೋನ್ ನಾಬ್ ಎಳೆದರೆ ಸ್ಪ್ಲಿಟ್ ಆಗುವ ವ್ಯವಸ್ಥೆ ಕಂಪನಿಯಿಂದಲೇ ಬಂದಿದೆ.

ಸೂಪರ್ ಸ್ವಿಚ್ಚಿನ ನಿಜವಾದ ಬೆಲೆ ಇರುವುದು ಲೋಡ್ (ಪಿಕಪ್ ಎದುರಿಸುವ ರೆಸಿಸ್ಟೆನ್ಸ್) ಬದಲಿಸುವುದರಲ್ಲಿ. ಹಂಬಕರಿಗೆ 500ಕೆ (ಕಿಲೋ ಓಮ್) ಪಾಟ್, ಅಂದರೆ ನಾಬ್ ಕೆಳಗಿನ ಪೊಟೆನ್ಶಿಯೋಮೀಟರ್, ಹಿತ, ಸಿಂಗಲ್‌ಗೆ 250ಕೆ. ಒಂದೇ ವಾಲ್ಯೂಮ್ ಪಾಟಿನಲ್ಲಿ ಎರಡೂ ಇದ್ದರೆ ಯಾರಾದರೊಬ್ಬರು ಸೋಲಲೇಬೇಕು: 250ಕೆ ಹಾಕಿದರೆ ಹಂಬಕರ್ ಮಂಕು, 500ಕೆ ಹಾಕಿದರೆ ಸಿಂಗಲ್‌ಗಳು ಕಿವಿ ಕೊರೆಯುತ್ತವೆ. ನಾಲ್ಕನೇ ಪೋಲ್ ಈ ಜಗಳ ಬಿಡಿಸುತ್ತದೆ.

ಪ್ಲಾನ್ ಹೀಗೆ ಹಾಕಿ. ಮೊದಲ ಪೋಲಿನ 1, 2ಕ್ಕೆ ಬ್ರಿಡ್ಜ್, 4, 5ಕ್ಕೆ ನೆಕ್, 3 ಖಾಲಿ; ಬ್ರಿಡ್ಜ್ ಮತ್ತು ನೆಕ್ ಒಟ್ಟಿಗೆ ಬರುವ ಪೊಸಿಷನ್ನೇ ಇಲ್ಲದ್ದರಿಂದ ಎರಡಕ್ಕೂ ಒಂದೇ ಪೋಲ್ ಸಾಕು. ಎರಡನೇ ಪೋಲಿನ 2, 3, 4ಕ್ಕೆ ಮಧ್ಯದ ಪಿಕಪ್. ಈ ಎರಡೂ ಪೋಲ್‌ಗಳ ಕಾಮನ್ ಸೇರಿಸಿ ವಾಲ್ಯೂಮ್ ಪಾಟಿನ ಇನ್‌ಪುಟ್ ಲಗ್ಗಿಗೆ. ಮೂರನೆಯದರ ಕಾಮನ್‌ಗೆ ಹಂಬಕರಿನ ನಡುವಿನ ವೈರುಜೋಡಿ, ಅದರ 2ನೇ ಲಗ್ ಗ್ರೌಂಡಿಗೆ. ನಾಲ್ಕನೆಯದರ ಕಾಮನ್ ಗ್ರೌಂಡಿಗೆ. 2ರಿಂದ 5ರವರೆಗಿನ ಲಗ್‌ಗಳನ್ನು ಒಂದೇ ತಂತಿಯಲ್ಲಿ ಪೋಣಿಸಿ, ಅಲ್ಲಿಂದ ಒಂದು ರೆಸಿಸ್ಟರ್ ವಾಲ್ಯೂಮ್ ಇನ್‌ಪುಟ್‌ಗೆ. ಕಾಲು ವ್ಯಾಟಿನದು ಧಾರಾಳ.

ರೆಸಿಸ್ಟರಿನ ಮೌಲ್ಯದಲ್ಲಿ ಎಡವುವವರೇ ಹೆಚ್ಚು. ಸಾಮಾನ್ಯವಾಗಿ ಹೇಳುವುದು 470ಕೆ. 500ಕೆ ಜೊತೆ ಪ್ಯಾರಲಲ್ ಆದಾಗ ಅದು 242ಕೆ, ನೋಡಲು ಸರಿ. ಆದರೆ ಟೋನ್ ಪಾಟ್ ಕೂಡ ಲೋಡೇ. ಸ್ಟ್ರ್ಯಾಟಿನಲ್ಲಿ 250ಕೆ ವಾಲ್ಯೂಮ್, 250ಕೆ ಟೋನ್ ಸೇರಿ ಸಿಂಗಲ್ ಕಾಯಿಲ್ ಕಾಣುವುದು 125ಕೆ. ನಿಮ್ಮಲ್ಲಿ ವಾಲ್ಯೂಮ್, ಟೋನ್ ಎರಡೂ 500ಕೆ ಆದರೆ ಅದು 250ಕೆ, ಅದಕ್ಕೆ 470ಕೆ ಸೇರಿಸಿದರೂ 163ಕೆಗೇ ನಿಲ್ಲುತ್ತದೆ. 270ಕೆ ಹಾಕಿ, 130ಕೆ ಆಗುತ್ತದೆ. ಕೊಂಚ ಚುರುಕು ಇಷ್ಟಪಡುವವರಿಗೆ 470ಕೆಯೇ ಇರಲಿ. ಬೆಂಗಳೂರಿನವರು ಎಸ್‌ಪಿ ರೋಡಿನಲ್ಲಿ ಎರಡನ್ನೂ ತಂದು ಕೇಳಿ ನೋಡಿದರಾಯಿತು, ಪುಡಿಗಾಸಿನ ಮಾತು.

ಬೆಸುಗೆಗೆ ಕೂತಾಗ ಸ್ವಿಚ್ಚಿನ ಸ್ವಭಾವ ಗೊತ್ತಾಗುತ್ತದೆ. ಲಗ್‌ಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಹಳೇ ಶೈಲಿಯ 22 ಗೇಜ್ ಬಟ್ಟೆ ಹೊದಿಕೆಯ ವೈರ್ ಇಲ್ಲಿ ಉಸಿರುಗಟ್ಟಿಸುತ್ತದೆ. 26 ಗೇಜ್ ಟೆಫ್ಲಾನ್ ವೈರ್ ಬಳಸಿ. ಸಪೂರ ತುದಿಯ 25 ವ್ಯಾಟ್ ಸೋಲ್ಡ್ರಾನ್ ಬೆಸುಗೆ ಐರನ್ ಲಗ್‌ಗಳಿಗೆ ಸರಿ. ಆದರೆ ಪಾಟ್ ಬೆನ್ನಿಗೆ ಗ್ರೌಂಡ್ ಬೆಸೆಯಲು ಅದರ ಕಾವು ಸಾಲದು, 50–60 ವ್ಯಾಟಿನದು ಬೇಕು. ಸಣ್ಣ ಐರನ್ನನ್ನೇ ನಿಮಿಷಗಟ್ಟಲೆ ಒತ್ತಿ ಹಿಡಿದರೆ ಬೆಸುಗೆ ಮೇಲೆ ಗುಳ್ಳೆಯಂತೆ ಕೂರುತ್ತದೆ, ಒಳಗೆ ಪಾಟ್ ಸುಡುತ್ತದೆ.

ಯಾವ ಲಗ್ ಯಾವ ಪೊಸಿಷನ್ ಎಂದು ಚಿತ್ರ ನಂಬಿ ಹೊರಡಬೇಡಿ. ಎಷ್ಟೋ ಚಿತ್ರಗಳನ್ನು ಸ್ವಿಚ್ಚನ್ನು ತಿರುಗಿಸಿ ಹಿಡಿದು ಬರೆದಿರುತ್ತಾರೆ. ಮೀಟರನ್ನು ಕಂಟಿನ್ಯುಟಿಗೆ ಇಟ್ಟು, ಲಿವರ್ ಸರಿಸುತ್ತ ಒಂದೊಂದೇ ಲಗ್ ಗುರುತು ಮಾಡಿ. ಪಿಕಪ್‌ಗಳನ್ನು ಬೆಸೆಯುವ ಮುನ್ನವೇ ವಾಲ್ಯೂಮ್ ಇನ್‌ಪುಟ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ: 1ರಲ್ಲಿ 500ಕೆ ಆಸುಪಾಸು, 270ಕೆ ರೆಸಿಸ್ಟರ್ ಆದರೆ ಉಳಿದ ನಾಲ್ಕರಲ್ಲಿ 175ಕೆ. ಟೋನ್ ಪಾಟ್ ಕೆಪಾಸಿಟರಿನ ಹಿಂದಿರುವುದರಿಂದ ಮೀಟರಿಗೆ ಕಾಣುವುದಿಲ್ಲ.

ಪಿಕಪ್ ಸೇರಿದ ಮೇಲೆ ಜ್ಯಾಕಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ ಅಳೆಯಿರಿ. 8ಕೆ ಹಂಬಕರ್, 6ಕೆ ಸಿಂಗಲ್‌ಗಳು ಎಂದಿಟ್ಟುಕೊಂಡರೆ 1ರಲ್ಲಿ 7.9, 2ರಲ್ಲಿ 2.4, 3 ಮತ್ತು 5ರಲ್ಲಿ 5.8, 4ರಲ್ಲಿ 2.95 ಬರಬೇಕು. 2ರಲ್ಲಿ 3.4ರ ಹತ್ತಿರ ಬಂದರೆ ಸ್ಪ್ಲಿಟ್ ಆಗಿಲ್ಲ.

ವೈರಿನ ಬಣ್ಣದಲ್ಲಿ ಮೋಸ ಹೋಗಬೇಡಿ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ವೈರ್), ಕೆಂಪು–ಬಿಳಿ ನಡುವಿನ ಜೋಡಿ. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಜೋಡಿ. ಹಸಿರು ಎರಡರಲ್ಲೂ ಗ್ರೌಂಡ್.

2ರಲ್ಲಿ ಮೀಟರ್ ಸರಿಯಾಗಿ ತೋರಿಸಿಯೂ 50 ಹರ್ಟ್ಸ್ ಗುಂಯ್ ಶಬ್ದ ನಿಲ್ಲದಿದ್ದರೆ, ಸ್ಪ್ಲಿಟ್ ಆಗಿ ಉಳಿದ ಕಾಯಿಲ್ ಮಧ್ಯದ ಪಿಕಪ್ಪಿನ ಗುಂಯ್ ರದ್ದು ಮಾಡುವ ಜೊತೆಗಾರನಲ್ಲ. ಮೂರನೇ ಪೋಲಿನ 2ನೇ ಲಗ್ಗಿನ ವೈರನ್ನು ಗ್ರೌಂಡಿನಿಂದ ತೆಗೆದು ವಾಲ್ಯೂಮ್ ಇನ್‌ಪುಟ್‌ಗೆ ಬೆಸೆಯಿರಿ. ಇನ್ನೊಂದು ಕಾಯಿಲ್ ಉಳಿಯುತ್ತದೆ, ಫೇಸ್ ಬದಲಾಗುವುದಿಲ್ಲ. ಮಧ್ಯದ್ದು ರಿವರ್ಸ್ ವೌಂಡ್ (ಉಲ್ಟಾ ಸುತ್ತಿದ್ದು) ಅಲ್ಲದಿದ್ದರೂ ಈ ಉಪಾಯ ನಡೆಯುತ್ತದೆ. ಆಗ 4ನೇ ಪೊಸಿಷನ್ನಿನ ಗುಂಯ್ ಮಾತ್ರ ಇದ್ದೇ ಇರುತ್ತದೆ.

ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಕ್ಯಾವಿಟಿಯ (ಸ್ವಿಚ್ ಕೂರುವ ಗುಳಿಯ) ಆಳ, ಅಗಲ ಅಳೆಯಿರಿ. ಎರಡು ಬಿಲ್ಲೆಯ ಸ್ವಿಚ್ ಮಾಮೂಲಿಗಿಂತ ದಪ್ಪ, ತೆಳು ಬಾಡಿಯ ಗಿಟಾರ್‌ಗಳಲ್ಲಿ ಲಗ್ ಗೋಡೆಗೆ ತಾಗುತ್ತದೆ. ಒಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ತಾಗಿದ ಲಗ್ ನೇರ ಗ್ರೌಂಡಾಗಿ ಆ ಪಿಕಪ್ ಮೂಕವಾಗುತ್ತದೆ. ಗೋಡೆಗೆ ಇನ್ಸುಲೇಷನ್ ಟೇಪ್ ಹಚ್ಚಿ. ಜಾಗ ತೀರಾ ಕಡಿಮೆ ಇದ್ದರೆ ಶಾಲರ್ ಮೆಗಾಸ್ವಿಚ್ ಎಮ್ ನೋಡಿ, ಅದೂ 4 ಪೋಲ್, 5 ಪೊಸಿಷನ್ನಿನದೇ. ಜೊತೆಗೆ ಸಿಟಿಎಸ್ ಕಂಪನಿಯ ಪಾಟ್ ತರಿಸುವವರು ಗಮನಿಸಿ: ಅದರ ಕುತ್ತಿಗೆ 9.5 ಮಿ.ಮೀ., ಏಷ್ಯಾದಲ್ಲಿ ತಯಾರಾದ ಅನೇಕ ಗಿಟಾರ್‌ಗಳ ಪಿಕ್‌ಗಾರ್ಡ್ ತೂತು ಅದಕ್ಕಿಂತ ಸಣ್ಣದು. ಡ್ರಿಲ್ ಹಾಕಿದರೆ ಪ್ಲಾಸ್ಟಿಕ್ ಸೀಳುವ ಸಂಭವ ಜಾಸ್ತಿ, ಕೈಯಲ್ಲಿ ತಿರುಗಿಸುವ ರೀಮರ್ ಬಳಸಿ. ಸ್ವಿಚ್ಚಿನ ಸ್ಕ್ರೂ 6-32 ಅಳತೆಯದು, ಹಳೇ ಮೆಟ್ರಿಕ್ ಸ್ಕ್ರೂ ಹೊಂದುವುದಿಲ್ಲ. ಲಿವರಿನ ಟೋಪಿಯೂ ಅಷ್ಟೆ, ಅಮೆರಿಕನ್ ಅಳತೆಯದನ್ನು ಒಟ್ಟಿಗೇ ಆರ್ಡರ್ ಮಾಡಿ.