ದತ್ತೋ, ಪೋಷಕತ್ವವೋ?

ಮನೆಗೊಂದು ಮಗು ಬರಲಿ ಎಂದು ತೀರ್ಮಾನಿಸಿದ್ದೀರಿ. ದತ್ತು ಪಡೆಯುವುದೋ, ಬೇರೆಯವರ ಮಗುವನ್ನು ತಾತ್ಕಾಲಿಕವಾಗಿ ಮನೆಯಲ್ಲಿಟ್ಟು ಸಾಕುವ ಫಾಸ್ಟರ್ ಕೇರ್, ಅಂದರೆ ಪೋಷಕತ್ವ ವಹಿಸುವುದೋ ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಮನೆಮಂದಿಯ ಸಿದ್ಧತೆ ಮಾತ್ರ ಬೇರೆ ಬೇರೆ.

ದತ್ತು ಶಾಶ್ವತ. ಜಿಲ್ಲಾಧಿಕಾರಿಯ ಆದೇಶವಾದ ಮೇಲೆ ಮಗು ಎಲ್ಲ ಹಕ್ಕುಗಳೊಂದಿಗೆ ನಿಮ್ಮದೇ. ಪೋಷಕತ್ವದಲ್ಲಿ ಕೊನೆಯ ಮಾತು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ಹಿಂತಿರುಗಬಹುದು. ಅದರ ಬಟ್ಟೆಗಳನ್ನು ನೀವೇ ಮಡಚಿ ಚೀಲಕ್ಕೆ ತುಂಬಬೇಕಾದೀತು. ಇದನ್ನು ಅಜ್ಜಿ ತಾತಂದಿರಿಗೂ ನಿಮ್ಮ ಮಕ್ಕಳಿಗೂ ಮೊದಲೇ ಹೇಳಿಡಿ.

ಪೋಷಕತ್ವಕ್ಕೆ ಬರುವವರು ಸಾಮಾನ್ಯವಾಗಿ ಆರು ವರ್ಷ ದಾಟಿದವರು. ಅಮ್ಮನ ನೆನಪೂ ಹಳೆಯ ಭಯಗಳೂ ಜೊತೆಗೇ ಬರುತ್ತವೆ. ಚಪಾತಿಯನ್ನು ದಿಂಬಿನಡಿ ಬಚ್ಚಿಟ್ಟರೆ ಕಳ್ಳತನವೆಂದು ಗದರಬೇಡಿ. ನಾಳೆ ಊಟ ಸಿಗದಿದ್ದರೆ ಎಂಬ ಅಂಜಿಕೆ ಅದು. ಡಬ್ಬಿಯಲ್ಲಿ ಬಿಸ್ಕತ್ತು ತುಂಬಿಸಿ ಕೈಗೆಟುಕುವಲ್ಲಿ ಇಡಿ. ಹಸುಗೂಸನ್ನು ದತ್ತು ಪಡೆದವರಿಗೆ ಇಂಥ ಪೇಚು ಕಡಿಮೆ, ಆದರೆ ಮುಂದೆ ಹುಟ್ಟಿನ ಕಥೆ ಹೇಳುವ ಹೊಣೆ ಇದ್ದೇ ಇದೆ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕತ್ವಕ್ಕೆ ತಿಂಗಳಿಗೆ 4,000 ರೂಪಾಯಿ ನೆರವುಂಟು. ದುಡ್ಡು ನೋಡಿ ಆರಿಸುವ ವಿಷಯವಲ್ಲ, ಬಿಡಿ. ದತ್ತಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು.

ಅಗಲಿಕೆ ತಾಳಲಾರೆವು ಎನ್ನುವವರಿಗೆ ದತ್ತೇ ಸರಿ. ಮಕ್ಕಳು ದೊಡ್ಡವರಾಗಿ ನಿಮಗೆ ಬಿಡುವು ಸಿಕ್ಕಿದ್ದರೆ, ಸಮಿತಿಯವರ ಭೇಟಿ, ವಿಚಾರಣೆ ಕಿರಿಕಿರಿ ಎನಿಸದಿದ್ದರೆ ಪೋಷಕತ್ವ ಒಗ್ಗುತ್ತದೆ. ಮಗು ಕಾನೂನಿನಂತೆ ದತ್ತಿಗೆ ಅರ್ಹವಾಗಿದ್ದರೆ, ಕೇಂದ್ರ ಸರ್ಕಾರದ 2024ರ ಪೋಷಕತ್ವ ಮಾರ್ಗಸೂಚಿಯಂತೆ ಎರಡು ವರ್ಷದ ಪೋಷಣೆಯ ಬಳಿಕ ದತ್ತು ಕೇಳಬಹುದು. ಆ ಲೆಕ್ಕಾಚಾರವನ್ನೇ ನೆಚ್ಚಿಕೊಂಡು ಮಾತ್ರ ಹೊರಡಬೇಡಿ.