ಹೌದು-ಇಲ್ಲ ಆ್ಯಪ್ಪೋ, ಹತ್ತಿ ವಾಯಿದೆಯೋ?

ಹಾವೇರಿ ಕಡೆ ಹತ್ತಿ ಬೆಳೆಯುವ ಮನೆಯ ಹುಡುಗರು ಕೇಳುತ್ತಾರೆ: ಮುಂದೆ ಏನಾಗುತ್ತದೆಂದು ಹೌದು ಅಥವಾ ಇಲ್ಲ ಎಂದು ಹಣ ಕಟ್ಟುವ ಆ್ಯಪ್, ಮುಂದಿನ ದಿನಕ್ಕೆ ಈಗಲೇ ದರ ನಿಗದಿ ಮಾಡುವ ಹತ್ತಿ ವಾಯಿದೆ, ಎರಡೂ ನಾಳೆಯ ಮೇಲೆ ಹಣ ಹಾಕುವುದೇ ಅಲ್ವಾ? ಖಂಡಿತ ಅಲ್ಲ.

ಸರಕುಗಳ ವಾಯಿದೆ ವ್ಯಾಪಾರದ ಮೇಲೆ 2015ರಿಂದ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಕಾವಲಿದೆ. ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಹತ್ತಿಗೆ ಈಗಲೇ ದರ ಕಟ್ಟಿಕೊಂಡರೆ, ಮುಂದೆ ಬೆಲೆ ಕುಸಿದಾಗ ಅದೇ ಆಸರೆ. ಬ್ರೋಕರ್ ಮೋಸ ಮಾಡಿದರೆ ಸೆಬಿಯ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಕೊಡಬಹುದು. ಆದರೆ ಮಾರ್ಜಿನ್ ಹಣ (ಮುಂಗಡ ಠೇವಣಿ) ಬೇಕು, ಲಾಟ್ (ಒಂದು ವ್ಯವಹಾರದ ಕನಿಷ್ಠ ಪ್ರಮಾಣ) ದೊಡ್ಡದು. ಎರಡೆಕರೆಯವರಿಗೆ ಭಾರವೇ.

ಪಂದ್ಯ ಯಾರು ಗೆಲ್ಲುತ್ತಾರೆ ಎನ್ನುವ ಆ್ಯಪ್‌ಗಳಲ್ಲಿ ಈ ರಕ್ಷಣೆ ಇಲ್ಲವೆಂದು ಸೆಬಿ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇಂಥ ಆ್ಯಪ್‌ಗಳಿಗೆ ಅಮೆರಿಕದ ವಾಯಿದೆ ನಿಯಂತ್ರಕ ಸಿಎಫ್‌ಟಿಸಿ ಕೊಟ್ಟ ಒಪ್ಪಿಗೆ ಇಲ್ಲಿ ನಡೆಯದು.

ಮಾರ್ಜಿನ್ ಹೊಂದಿಸಲಾಗದಿದ್ದರೆ ಹತ್ತಿಯನ್ನು ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ಕೇಳಿ. ಆ್ಯಪ್‌ ಕಡೆ ಮಾತ್ರ ಹೋಗಬೇಡಿ.